ಕ್ಲಾಸು ಒಂದೇ, ಫೀಸು ಮಾತ್ರ ಬೇರೆ: ‘ನಮ್ಮವರು’ ಯಾರು ಅಂತ ಯೂನಿವರ್ಸಿಟಿ ಹೇಗೆ ಲೆಕ್ಕ ಹಾಕುತ್ತದೆ?

2025ರ ಜೂನ್ 4ರಂದು ಅಮೆರಿಕದ ಟೆಕ್ಸಸ್‌ನಲ್ಲಿ ಒಂದು ಅಪರೂಪದ ಮೊಕದ್ದಮೆ ನಡೆಯಿತು. ಆ ರಾಜ್ಯದ 24 ವರ್ಷ ಹಳೆಯ ಕಾನೂನೊಂದು ತಪ್ಪು ಎಂದು ಫೆಡರಲ್ (ಕೇಂದ್ರ) ಸರ್ಕಾರ ಕೋರ್ಟಿಗೆ ಹೋಯಿತು. ಕಾನೂನಿನ ಪರ ವಾದಿಸಬೇಕಿದ್ದ ರಾಜ್ಯ ಸರ್ಕಾರವೇ ‘ಹೌದು, ತಪ್ಪು’ ಎಂದು ಒಪ್ಪಿಕೊಂಡಿತು. ನ್ಯಾಯಾಧೀಶರು ಅಂದೇ ಅದನ್ನು ರದ್ದು ಮಾಡಿದರು. ದಾವೆ, ಒಪ್ಪಿಗೆ, ತೀರ್ಪು ಮೂರೂ ಒಂದೇ ದಿನ!

ರದ್ದಾದದ್ದು 2001ರ ಕಾನೂನು. ವಲಸೆ ದಾಖಲೆ ಇಲ್ಲದಿದ್ದರೂ, ಟೆಕ್ಸಸ್‌ನಲ್ಲಿ ಕನಿಷ್ಠ ಮೂರು ವರ್ಷ ಇದ್ದು ಅಲ್ಲೇ ಹೈಸ್ಕೂಲು ಮುಗಿಸಿದ ಮಕ್ಕಳು ರಾಜ್ಯದವರ ಫೀಸನ್ನೇ ಕಟ್ಟಬಹುದು ಎಂದು ಅದು ಹೇಳುತ್ತಿತ್ತು. ಅದು ಹೋದ ಮೇಲೆ ಈ ಮಕ್ಕಳು ಹೊರರಾಜ್ಯದವರ ಸಾಲಿಗೆ ಬಿದ್ದರು. ದೊಡ್ಡ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಆ ಫೀಸು ಸುಮಾರು ಮೂರು ಪಟ್ಟು. ಊರು ಬದಲಾಗಲಿಲ್ಲ, ಮನೆ ಬದಲಾಗಲಿಲ್ಲ. ಆದರೂ ಒಂದು ದಿನದಲ್ಲಿ ಅವರು ‘ಹೊರಗಿನವರು’ ಆಗಿಬಿಟ್ಟರು.

ಬ್ರಿಟನ್ ಕಡೆಯಿಂದ ಬರುವ ಸುದ್ದಿ ಇದಕ್ಕೆ ತದ್ವಿರುದ್ಧ. ಅಲ್ಲಿ ಕೈಯಲ್ಲಿ ಬ್ರಿಟಿಷ್ ಪಾಸ್‌ಪೋರ್ಟ್ ಇದ್ದವರಿಗೇ ‘ನೀವು ವಿದೇಶಿ ಫೀಸು ಕಟ್ಟಿ’ ಎಂಬ ಪತ್ರ ಬರುತ್ತದೆ. ಒಂದು ಕಡೆ ವಾಸ ಇದ್ದೂ ಸಾಲಲಿಲ್ಲ, ಇನ್ನೊಂದು ಕಡೆ ಪೌರತ್ವ ಇದ್ದೂ ಸಾಲಲಿಲ್ಲ. ಹಾಗಾದರೆ ಫೀಸು ನಿರ್ಧಾರ ಆಗುವುದು ಯಾವುದರ ಮೇಲೆ?

ಪಾಸ್‌ಪೋರ್ಟ್ ಒಳಬಾಗಿಲಲ್ಲ, ಗೇಟು ಅಷ್ಟೇ

ಇಂಗ್ಲೆಂಡಿನ ನಿಯಮವನ್ನೇ ಬಿಡಿಸಿ ನೋಡೋಣ, ಏಕೆಂದರೆ ಗೊಂದಲ ಜಾಸ್ತಿ ಇರುವುದು ಅಲ್ಲೇ. 2025-26ರಲ್ಲಿ ಸ್ಥಳೀಯ ವಿದ್ಯಾರ್ಥಿಗೆ ಪದವಿಯ ಫೀಸು ವರ್ಷಕ್ಕೆ ಹೆಚ್ಚೆಂದರೆ 9,535 ಪೌಂಡ್. ಇದು ಸರ್ಕಾರ ಹಾಕಿದ ಮಿತಿ. ವಿದೇಶಿ ವಿದ್ಯಾರ್ಥಿಗೆ ಯಾವ ಮಿತಿಯೂ ಇಲ್ಲ. ಅನೇಕ ಕೋರ್ಸುಗಳಿಗೆ 20,000 ಪೌಂಡ್ ದಾಟುತ್ತದೆ. ವೈದ್ಯಕೀಯ, ಎಂಜಿನಿಯರಿಂಗ್ ಅಂದರೆ ಇನ್ನೂ ಮೇಲೆ.

ಸ್ಥಳೀಯರ ಪಟ್ಟಿಗೆ ಸೇರಬೇಕಾದರೆ ಎರಡು ಪ್ರಶ್ನೆ ದಾಟಬೇಕು. ಮೊದಲನೆಯದು, ನಿಮಗೆ ಅಲ್ಲಿ ಕಾಯಂ ಆಗಿ ಇರುವ ಹಕ್ಕು ಇದೆಯೇ? ಪೌರತ್ವ ಅಥವಾ ಕಾಯಂ ವಾಸದ ಅನುಮತಿ ಇದ್ದರೆ ಇದಕ್ಕೆ ಉತ್ತರ ಸಿಕ್ಕಿತು. ಎರಡನೆಯದು, ಕೋರ್ಸು ಶುರುವಾಗುವ ಮುಂಚಿನ ಮೂರು ವರ್ಷ ನೀವು ಆ ದೇಶದಲ್ಲೇ ವಾಸವಿದ್ದಿರಾ? ಎರಡಕ್ಕೂ ಹೌದು ಅನ್ನಬೇಕು. ಪಾಸ್‌ಪೋರ್ಟ್ ಉತ್ತರಿಸುವುದು ಮೊದಲ ಪ್ರಶ್ನೆಗೆ ಮಾತ್ರ.

ಹಾಗಾಗಿ ಅಪ್ಪ ಅಮ್ಮ ಇಬ್ಬರೂ ಬ್ರಿಟಿಷರು, ಮಗಳು ಹುಟ್ಟಿದ್ದೂ ಲಂಡನ್ನಿನಲ್ಲಿ, ಆದರೆ ಕುಟುಂಬ ಹತ್ತು ವರ್ಷದಿಂದ ದುಬೈನಲ್ಲಿ ನೆಲೆಸಿದೆ ಅಂದುಕೊಳ್ಳಿ. ಎರಡನೇ ಪ್ರಶ್ನೆಯಲ್ಲಿ ಅವಳು ಸಿಕ್ಕಿಬೀಳುತ್ತಾಳೆ. ತಾತ್ಕಾಲಿಕವಾಗಿ ಹೊರಗೆ ಹೋದವರಿಗೆ ವಿನಾಯಿತಿ ಇದೆ. ಆದರೆ ‘ತಾತ್ಕಾಲಿಕ’ ಅನ್ನುವುದಕ್ಕೆ ಪುರಾವೆ ಕೊಡಬೇಕು. ನಿಗದಿತ ಅವಧಿಯ ಕೆಲಸದ ಕರಾರು ಇತ್ತೇ? ಊರಿನ ಮನೆ ಉಳಿಸಿಕೊಂಡಿದ್ದಿರಾ? ರಜೆಯಲ್ಲಿ ಬಂದು ಹೋಗುತ್ತಿದ್ದಿರಾ? ಇದನ್ನೆಲ್ಲ ತೂಗುವುದು ಆಯಾ ಯೂನಿವರ್ಸಿಟಿಯ ಸಿಬ್ಬಂದಿ. ಒಂದೇ ಕಾಗದಪತ್ರ ನೋಡಿ ಒಂದು ಯೂನಿವರ್ಸಿಟಿ ‘ಸ್ಥಳೀಯ’ ಅಂದರೆ, ಇನ್ನೊಂದು ‘ವಿದೇಶಿ’ ಅನ್ನಬಹುದು.

ಓದಲು ಬಂದು ಇದ್ದರೆ ಅದು ವಾಸವೇ?

ಮೂರು ವರ್ಷ ಇದ್ದರೆ ಸಾಕು ಅನ್ನುವುದಾದರೆ ಒಂದು ಸುಲಭ ದಾರಿ ಹೊಳೆಯುತ್ತದೆ, ಅಲ್ವಾ? ಮೊದಲೇ ಬಂದು ಅಲ್ಲೇ ಶಾಲೆಗೆ ಸೇರಿ ಮೂರು ವರ್ಷ ಕಳೆದುಬಿಟ್ಟರೆ ಆಯಿತು. 1982ರ ಕೊನೆಯಲ್ಲಿ, ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಮುಂದೆ ಸರಿಸುಮಾರು ಇದೇ ಪ್ರಶ್ನೆ ಬಂದಿತ್ತು. ಅದು ಕಾನೂನಿನವರ ಬಾಯಲ್ಲಿ ಶಾ ಪ್ರಕರಣ ಎಂದೇ ಹೆಸರಾಗಿದೆ. ವಿಷಯ ವಿದ್ಯಾರ್ಥಿ ವೇತನದ್ದು. ಓದಲೆಂದೇ ಬಂದು ನೆಲೆಸಿದ ವಿದೇಶಿ ಹುಡುಗರು ‘ಸಾಮಾನ್ಯ ವಾಸಿ’ ಎನಿಸಿಕೊಳ್ಳುತ್ತಾರೋ ಇಲ್ಲವೋ ಎಂಬುದು ಪ್ರಶ್ನೆ.

ಎನಿಸಿಕೊಳ್ಳುತ್ತಾರೆ ಎಂದರು ನ್ಯಾಯಾಧೀಶ ಲಾರ್ಡ್ ಸ್ಕಾರ್ಮನ್. ಒಬ್ಬ ವ್ಯಕ್ತಿ ತನ್ನಿಷ್ಟದಿಂದ, ಒಂದು ಸ್ಥಿರವಾದ ಉದ್ದೇಶಕ್ಕೆ, ಬದುಕಿನ ಸಹಜ ಭಾಗವಾಗಿ ಒಂದು ಕಡೆ ಇದ್ದರೆ ಅದು ವಾಸವೇ. ಓದು ಕೂಡ ಸ್ಥಿರವಾದ ಉದ್ದೇಶವೇ. ತೀರ್ಪು ವಿದ್ಯಾರ್ಥಿಗಳ ಪರ ಬಂತು. ಸರ್ಕಾರ ಏನು ಮಾಡಿತು? ನಿಯಮಕ್ಕೇ ತಿದ್ದುಪಡಿ ತಂದಿತು. ಆ ಮೂರು ವರ್ಷದ ವಾಸ ‘ಪೂರ್ತಿಯಾಗಿ ಅಥವಾ ಮುಖ್ಯವಾಗಿ ಓದಿಗಾಗಿ’ ಆಗಿರಬಾರದು ಎಂಬ ಸಾಲು ಸೇರಿಕೊಂಡಿತು. ಇವತ್ತಿಗೂ ಅನೇಕರ ಅರ್ಜಿ ಎಡವುವುದು ಈ ಸಾಲಿನಲ್ಲೇ. ಎಷ್ಟು ದಿನ ಇದ್ದಿರಿ ಎಂದು ಲೆಕ್ಕ ಹಾಕುವುದು ಸುಲಭ. ಯಾಕೆ ಇದ್ದಿರಿ ಎಂದು ಅಳೆಯುವುದು ಹೇಗೆ?

ಅಮೆರಿಕದ ರಾಜ್ಯಗಳೂ ಇದೇ ತಲೆನೋವಿನೊಂದಿಗೆ ಬದುಕುತ್ತಿವೆ. ಅಲ್ಲಿ ಸಾಮಾನ್ಯವಾಗಿ 12 ತಿಂಗಳ ವಾಸ ಬೇಕು. ಅದರ ಜೊತೆಗೆ ಇಲ್ಲೇ ನೆಲೆಸುವ ಮನಸ್ಸಿದೆ ಎಂದು ತೋರಿಸಬೇಕು. ಡ್ರೈವಿಂಗ್ ಲೈಸೆನ್ಸ್, ಮತದಾರರ ಪಟ್ಟಿ, ತೆರಿಗೆ ರಿಟರ್ನ್ ಎಲ್ಲ ಅದಕ್ಕೇ. ಕನೆಕ್ಟಿಕಟ್ ರಾಜ್ಯ ಒಮ್ಮೆ ತೀರಾ ಬಿಗಿ ಮಾಡಿತ್ತು. ಅರ್ಜಿ ಹಾಕುವಾಗ ಹೊರಗಿನವರಾಗಿದ್ದರೆ ಕೋರ್ಸು ಮುಗಿಯುವ ತನಕವೂ ಹೊರಗಿನವರೇ, ಅಲ್ಲೇ ಮದುವೆಯಾಗಿ ಮನೆ ಮಾಡಿದರೂ ಅಷ್ಟೇ. 1973ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಈ ನಿಯಮವನ್ನು ಹೊಡೆದುಹಾಕಿತು. ಹೊರಗಿನವರಿಂದ ಜಾಸ್ತಿ ತೆಗೆದುಕೊಳ್ಳುವುದು ತಪ್ಪಲ್ಲ, ಆದರೆ ತಾನು ಒಳಗಿನವನು ಎಂದು ಸಾಬೀತು ಮಾಡಲು ಅವಕಾಶವನ್ನೇ ಕೊಡದಿರುವುದು ತಪ್ಪು ಎಂಬುದು ತೀರ್ಪಿನ ಸಾರ.

ಹೊರಗಿನವರಿಂದ ಜಾಸ್ತಿ ತೆಗೆದುಕೊಳ್ಳುವುದು ತಪ್ಪಲ್ಲ ಎಂಬ ದಾರಿಯನ್ನು ಭಾರತದ ಸುಪ್ರೀಂ ಕೋರ್ಟ್ 1955ರಲ್ಲೇ ಹಿಡಿದಿತ್ತು. ಇಂದೋರಿನ ವೈದ್ಯಕೀಯ ಕಾಲೇಜು ಆಗಿನ ಮಧ್ಯಭಾರತ ರಾಜ್ಯದ ನಿವಾಸಿಗಳಿಗೆ ಕ್ಯಾಪಿಟೇಶನ್ ಶುಲ್ಕ ಬಿಟ್ಟು, ಉಳಿದವರಿಂದ ಮಾತ್ರ ವಸೂಲಿ ಮಾಡುತ್ತಿತ್ತು. ಹುಟ್ಟಿದ ಜಾಗ ನೋಡಿ ಭೇದ ಮಾಡಬಾರದು ಅನ್ನುತ್ತದೆ ಸಂವಿಧಾನದ 15ನೇ ವಿಧಿ. ಆದರೆ ಹುಟ್ಟಿದ ಜಾಗ ಬೇರೆ, ವಾಸದ ಜಾಗ ಬೇರೆ ಎಂದು ಬಹುಮತದ ತೀರ್ಪು ಆ ನಿಯಮವನ್ನು ಉಳಿಸಿತು.

‘ತೆರಿಗೆ ಕಟ್ಟಿದವರು ನಾವು’

ಈ ಭೇದಕ್ಕೆ ಕೊಡುವ ಮುಖ್ಯ ಕಾರಣ ಒಂದೇ. ಸರ್ಕಾರಿ ಯೂನಿವರ್ಸಿಟಿಯ ಪ್ರತಿ ಸೀಟಿನ ಖರ್ಚಿನಲ್ಲಿ ಒಂದು ಪಾಲನ್ನು ಊರಿನವರ ತೆರಿಗೆ ಹೊರುತ್ತದೆ. ತೆರಿಗೆ ಕಟ್ಟದ ಕುಟುಂಬದ ಮಗು ಬಂದರೆ ಆ ಪಾಲನ್ನು ಅವರೇ ಕೊಡಲಿ. ಕೇಳಲು ನ್ಯಾಯವಾಗಿಯೇ ಇದೆ. ಅಮೆರಿಕದ ಖಾಸಗಿ ಯೂನಿವರ್ಸಿಟಿಗಳು ಎಲ್ಲರಿಂದಲೂ ಒಂದೇ ಫೀಸು ಕೇಳುವುದು ಕೂಡ ಈ ತರ್ಕಕ್ಕೆ ಹೊಂದುತ್ತದೆ. ಅಲ್ಲಿ ರಾಜ್ಯದ ಅನುದಾನವೇ ಇಲ್ಲವಲ್ಲ.

ಆದರೆ ಈ ವಾದವನ್ನು ಕೊನೆಯವರೆಗೂ ಒಯ್ದರೆ ಅದು ಅಲ್ಲಲ್ಲಿ ಹರಿಯುತ್ತದೆ. ಇಂಗ್ಲೆಂಡಿನಲ್ಲಿ ಕೆಲಸದ ವೀಸಾದ ಮೇಲೆ ನಾಲ್ಕು ವರ್ಷದಿಂದ ತೆರಿಗೆ ಕಟ್ಟುತ್ತಿರುವ ವಿದೇಶಿಯ ಮಗ ಸಾಮಾನ್ಯವಾಗಿ ವಿದೇಶಿ ಫೀಸೇ ಕಟ್ಟಬೇಕು, ಏಕೆಂದರೆ ಕಾಯಂ ಹಕ್ಕು ಇನ್ನೂ ಬಂದಿಲ್ಲ. ಟೆಕ್ಸಸ್‌ನಲ್ಲಿ ದಾಖಲೆ ಇಲ್ಲದ ಕುಟುಂಬವೂ ಅಂಗಡಿಯಲ್ಲಿ ಮಾರಾಟ ತೆರಿಗೆ ಕೊಡುತ್ತದೆ. ಮನೆ ಬಾಡಿಗೆಯ ಮೂಲಕ ಆಸ್ತಿ ತೆರಿಗೆಯ ಭಾರವನ್ನೂ ಹೊರುತ್ತದೆ. ಆ ರಾಜ್ಯದಲ್ಲಿ ರಾಜ್ಯ ಮಟ್ಟದ ಆದಾಯ ತೆರಿಗೆಯೇ ಇಲ್ಲ. ಹಾಗಿರುವಾಗ ತೆರಿಗೆಯ ಲೆಕ್ಕದಲ್ಲಿ ಅವರು ಪಕ್ಕದ ಮನೆಯವರಿಗಿಂತ ಬಹಳ ಹಿಂದೇನೂ ಇಲ್ಲ.

ಇನ್ನೊಂದು ಬಿರುಕು ಇದಕ್ಕಿಂತ ದೊಡ್ಡದು. ಇಂಗ್ಲೆಂಡಿನಲ್ಲಿ 2012ರ ನಂತರ ಇತಿಹಾಸ, ಕಾನೂನು, ವ್ಯವಹಾರ ನಿರ್ವಹಣೆಯಂಥ ತರಗತಿ ಪಾಠದ ವಿಷಯಗಳಿಗೆ ಸರ್ಕಾರ ಪಾಠದ ಅನುದಾನವನ್ನು ಹೆಚ್ಚುಕಡಿಮೆ ನಿಲ್ಲಿಸಿತು. ಸ್ಥಳೀಯ ವಿದ್ಯಾರ್ಥಿ ಸಾಲ ಮಾಡಿ ತಾನೇ ಫೀಸು ತುಂಬುತ್ತಾನೆ. ತೆರಿಗೆದಾರರ ಹಣ ಒಳಗೆ ಬರುವುದು ಮುಖ್ಯವಾಗಿ ತೀರದೆ ಉಳಿದ ಸಾಲದ ರೂಪದಲ್ಲಿ. ಹಾಗಿದ್ದೂ ಅದೇ ಇತಿಹಾಸದ ಕ್ಲಾಸಿಗೆ ವಿದೇಶಿಯಿಂದ ಎರಡು ಪಟ್ಟು, ಮೂರು ಪಟ್ಟು ಕೇಳುತ್ತಾರೆ. ಇದು ಖರ್ಚಿನ ಪಾಲು ಅಲ್ಲ. ಮಾರುಕಟ್ಟೆ ಎಷ್ಟು ತಾಳುತ್ತದೋ ಅಷ್ಟು.

ಹಣದ ಹಳ್ಳ ತುಂಬುವುದು ಯಾರು?

ಬ್ರಿಟನ್ ವಿದೇಶಿಗಳಿಗೆ ಬೇರೆ ಫೀಸು ಶುರುಮಾಡಿದ್ದು 1967ರಲ್ಲಿ. ಆಗ ವ್ಯತ್ಯಾಸ ಸಣ್ಣದಿತ್ತು. ಮಾರ್ಗರೆಟ್ ಥ್ಯಾಚರ್ ಸರ್ಕಾರ 1980ರಲ್ಲಿ ಸಬ್ಸಿಡಿ ತೆಗೆದು, ಪೂರ್ತಿ ಖರ್ಚನ್ನು ವಿದೇಶಿಗಳಿಂದಲೇ ವಸೂಲಿ ಮಾಡಿ ಎಂದಿತು. ಆಸ್ಟ್ರೇಲಿಯಾ 1980ರ ದಶಕದ ನಡುವಿನಿಂದ ಪೂರ್ತಿ ಫೀಸಿನ ವಿದೇಶಿ ವಿದ್ಯಾರ್ಥಿಗಳಿಗೆ ಬಾಗಿಲು ತೆರೆಯಿತು. ಅಲ್ಲಿಂದ ಮುಂದೆ ವಿದೇಶಿ ವಿದ್ಯಾರ್ಥಿ ಅನ್ನುವುದು ನೆರವು ಪಡೆಯುವವನ ಹೆಸರಾಗಿ ಉಳಿಯಲಿಲ್ಲ. ಆದಾಯದ ಮೂಲವಾಯಿತು.

ಆಮೇಲಿನದು ನಿಧಾನವಾಗಿ ಬಿಗಿಯುವ ಗಂಟು. ಸ್ಥಳೀಯರ ಫೀಸು ಏರಿಸಿದರೆ ಮತ ಹೋಗುತ್ತದೆ. ಹಾಗಾಗಿ ಸರ್ಕಾರಗಳು ಅದನ್ನು ತಡೆಹಿಡಿಯುತ್ತವೆ. ಇಂಗ್ಲೆಂಡಿನಲ್ಲಿ 2017ರಿಂದ 2025ರ ತನಕ ಅದು 9,250 ಪೌಂಡಿನಲ್ಲೇ ನಿಂತಿತ್ತು. ಬೆಲೆಗಳು ನಿಂತಿರಲಿಲ್ಲ. ಅನುದಾನವೂ ಹೆಚ್ಚಲಿಲ್ಲ. ಸ್ಥಳೀಯ ವಿದ್ಯಾರ್ಥಿಗೆ ಪಾಠ ಹೇಳುವುದೇ ನಷ್ಟದ ಬಾಬತ್ತಾಯಿತು, ಸಂಶೋಧನೆ ಮೊದಲೇ ನಷ್ಟದ್ದು. ಆ ಹಳ್ಳವನ್ನು ಮುಚ್ಚಿದ್ದು ಮಿತಿಯಿಲ್ಲದ ವಿದೇಶಿ ಫೀಸು.

ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಈ ಗಂಟು ಹರಿದದ್ದನ್ನು ಎಲ್ಲರೂ ಕಂಡರು. 2019ರಲ್ಲಿ ಅಲ್ಲಿನ ಸರ್ಕಾರ ಸ್ಥಳೀಯರ ಫೀಸನ್ನು ಶೇಕಡ 10ರಷ್ಟು ಇಳಿಸಿ, ಹಲವು ವರ್ಷ ಅಲ್ಲೇ ಹಿಡಿದಿಟ್ಟಿತು. ಕಾಲೇಜುಗಳು ವಿದೇಶಿ ವಿದ್ಯಾರ್ಥಿಗಳ ಕಡೆ ವಾಲಿದವು. ಸಂಖ್ಯೆ ಎಷ್ಟು ಏರಿತೆಂದರೆ ಬಾಡಿಗೆ ಮನೆಗಳ ಕೊರತೆಗೂ ಅವರೇ ಕಾರಣ ಎಂಬ ಗಲಾಟೆ ಎದ್ದಿತು. 2024ರ ಜನವರಿಯಲ್ಲಿ ಕೆನಡಾ ಸರ್ಕಾರ ಅಧ್ಯಯನ ಪರವಾನಗಿಗಳಿಗೆ ಮಿತಿ ಹಾಕಿತು. ಆಮೇಲೆ ಕೋರ್ಸುಗಳು ಮುಚ್ಚಿದವು, ಸಿಬ್ಬಂದಿ ಕೆಲಸ ಕಳೆದುಕೊಂಡರು. ಮುಚ್ಚಿದ ಕೋರ್ಸುಗಳಲ್ಲಿ ಸ್ಥಳೀಯ ಮಕ್ಕಳೂ ಇದ್ದರು. ಅವರ ಅಗ್ಗದ ಸೀಟು ನಿಂತಿದ್ದೇ ಪಕ್ಕದ ಬೆಂಚಿನವನ ದುಬಾರಿ ಸೀಟಿನ ಮೇಲೆ ಎಂದು ಆಗ ಗೊತ್ತಾಯಿತು.

ಹೊರಗಿನವರಿಂದ ದುಡ್ಡು ಬರುತ್ತದೆ ಎಂದಾದರೆ ಒಳಗಿನವರ ಸೀಟು ಕರಗುತ್ತದೆ ಎಂಬ ಭಯವೂ ಇದೆ. ಕ್ಯಾಲಿಫೋರ್ನಿಯಾ ಯೂನಿವರ್ಸಿಟಿ ಹೊರಗಿನವರಿಂದ ಮಾಮೂಲಿ ಫೀಸಿನ ಮೇಲೆ ವರ್ಷಕ್ಕೆ 37,000 ಡಾಲರ್‌ಗೂ ಹೆಚ್ಚು ವಸೂಲಿ ಮಾಡುತ್ತದೆ. ಅಂಥವರನ್ನೇ ಜಾಸ್ತಿ ಸೇರಿಸಿಕೊಳ್ಳುತ್ತಿದೆ ಎಂದು 2016ರಲ್ಲಿ ರಾಜ್ಯದ ಲೆಕ್ಕಪರಿಶೋಧಕರು ತರಾಟೆಗೆ ತೆಗೆದುಕೊಂಡರು. ಮರುವರ್ಷ ಹೆಚ್ಚಿನ ಕ್ಯಾಂಪಸ್‌ಗಳಲ್ಲಿ ಹೊರಗಿನವರ ಪಾಲಿಗೆ ಶೇಕಡ 18ರ ಮಿತಿ ಬಂತು.

ಉತ್ತರ ಯುರೋಪ್ ಬಹಳ ಕಾಲ ಈ ಆಟದಿಂದ ಹೊರಗಿತ್ತು, ಎಲ್ಲರಿಗೂ ಪುಕ್ಕಟೆ. ಡೆನ್ಮಾರ್ಕ್ 2006ರಲ್ಲಿ, ಸ್ವೀಡನ್ 2011ರಲ್ಲಿ, ಫಿನ್ಲೆಂಡ್ 2017ರಲ್ಲಿ, ಕೊನೆಗೆ ನಾರ್ವೆ 2023ರಲ್ಲಿ ಯುರೋಪಿನ ಹೊರಗಿನವರಿಗೆ ಫೀಸು ಹಾಕಿದವು. ಸ್ವೀಡನ್ನಿನಲ್ಲೂ ನಾರ್ವೆಯಲ್ಲೂ ಹೊಸದಾಗಿ ಸೇರುವವರ ಸಂಖ್ಯೆ ಫೀಸು ಹಾಕಿದ ವರ್ಷವೇ ಕುಸಿಯಿತು.

ಯುರೋಪಿನ ತಲೆಕೆಳಗಾದ ಲೆಕ್ಕ

ಫ್ರಾನ್ಸಿನ ಒಬ್ಬ ವಿದ್ಯಾರ್ಥಿನಿ ಕಾಮಿಕ್ಸ್ ಚಿತ್ರಕಲೆ ಕಲಿಯಲು ಬೆಲ್ಜಿಯಂನ ಲಿಯೇಜ್ ನಗರಕ್ಕೆ ಹೋಗಿದ್ದಳು. ವಿದೇಶಿ ಎಂಬ ಕಾರಣಕ್ಕೆ ಅವಳಿಂದ ಹೆಚ್ಚುವರಿ ಶುಲ್ಕ ಕೇಳಿದರು. ಇದು ಗ್ರಾವಿಯೆ ಪ್ರಕರಣವಾಗಿ ಯುರೋಪಿನ ನ್ಯಾಯಾಲಯದ ತನಕ ಹೋಯಿತು. ವೃತ್ತಿ ಶಿಕ್ಷಣದಲ್ಲಿ ಸದಸ್ಯ ದೇಶಗಳ ಪ್ರಜೆಗಳ ನಡುವೆ ಭೇದ ಮಾಡುವಂತಿಲ್ಲ ಎಂದು 1985ರಲ್ಲಿ ತೀರ್ಪು ಬಂತು. ಯುರೋಪ್ ಒಕ್ಕೂಟದೊಳಗೆ ಎಲ್ಲಿಗೆ ಹೋದರೂ ಅಲ್ಲಿನವರ ಫೀಸೇ ಎಂಬ ಇಂದಿನ ನಿಯಮಕ್ಕೆ ಬುನಾದಿ ಈ ಕಾಮಿಕ್ಸ್ ಕ್ಲಾಸು!

ಆದರೆ ಆ ನಿಯಮ ತಡೆಯುವುದು ದೇಶ ದೇಶದ ನಡುವಿನ ಭೇದವನ್ನು. ದೇಶದೊಳಗಿನ ಭೇದದ ಬಗ್ಗೆ ಅದು ಸುಮ್ಮನಿರುತ್ತದೆ. ಇದರಿಂದ ಸ್ಕಾಟ್ಲೆಂಡಿನಲ್ಲಿ ಒಂದು ತಮಾಷೆಯ ಪರಿಸ್ಥಿತಿ ಹುಟ್ಟಿತು. ಅಲ್ಲಿನವರಿಗೆ ಪದವಿ ಓದು ಪುಕ್ಕಟೆ. ಯುರೋಪಿನ ನಿಯಮದಂತೆ ಜರ್ಮನಿ, ಗ್ರೀಸ್‌ನವರಿಗೂ ಪುಕ್ಕಟೆಯಾಗಿತ್ತು. ಆದರೆ ಗಡಿಯಾಚೆಯ ಇಂಗ್ಲೆಂಡಿನವನು ಮಾತ್ರ ವರ್ಷಕ್ಕೆ 9,000 ಪೌಂಡ್ ತನಕ ಕಟ್ಟಬೇಕಿತ್ತು. ಒಂದೇ ದೇಶ, ಒಂದೇ ಪಾಸ್‌ಪೋರ್ಟ್, ಒಂದೇ ಖಜಾನೆ! ಉತ್ತರ ಐರ್ಲೆಂಡಿನ ಕೆಲವರು ಐರಿಶ್ ಪಾಸ್‌ಪೋರ್ಟ್ ತೋರಿಸಿ ‘ನಾವೂ ಯುರೋಪಿನವರೇ’ ಎಂದು ನುಸುಳಲು ನೋಡಿದರು. ಆ ಕಿಂಡಿಯನ್ನೂ ಮುಚ್ಚಿದರು. ಬ್ರೆಕ್ಸಿಟ್ ಆಗಿ ಬ್ರಿಟನ್ ಯುರೋಪ್ ಒಕ್ಕೂಟ ಬಿಟ್ಟ ಮೇಲೆ, 2021ರ ಆಗಸ್ಟ್‌ನಿಂದ, ಐರ್ಲೆಂಡ್ ಬಿಟ್ಟು ಯುರೋಪಿನ ಉಳಿದ ಕಡೆಯಿಂದ ಹೊಸದಾಗಿ ಬರುವವರಿಗೂ ವಿದೇಶಿ ಫೀಸು ಬಂತು.

ಕೆನಡಾದ ಕ್ವಿಬೆಕ್ ಕೂಡ ಕಡಿಮೆಯೇನಲ್ಲ. ಫ್ರೆಂಚ್ ಭಾಷೆ ಉಳಿಸಬೇಕೆಂದು ಆ ಪ್ರಾಂತ್ಯ ತನ್ನ ಇಂಗ್ಲಿಷ್ ಯೂನಿವರ್ಸಿಟಿಗಳಿಗೆ ಬರುವ ಬೇರೆ ಪ್ರಾಂತ್ಯದ ಕೆನಡಿಯನ್ನರ ಫೀಸನ್ನು ಸುಮಾರು 9,000 ಡಾಲರ್‌ನಿಂದ ಸುಮಾರು 12,000ಕ್ಕೆ ಏರಿಸಿತು. ಫ್ರಾನ್ಸಿನಿಂದ ಬಂದವರಿಗೆ ಆ ಏರಿಕೆ ತಟ್ಟಲಿಲ್ಲ. ಟೊರಾಂಟೊದವನು ಪ್ಯಾರಿಸಿನವನಿಗಿಂತ ಜಾಸ್ತಿ ಹೊರಗಿನವನಾದ! 2025ರ ಏಪ್ರಿಲ್‌ನಲ್ಲಿ ಅಲ್ಲಿನ ಕೋರ್ಟು ಈ ಏರಿಕೆಗೆ ಸರಿಯಾದ ಆಧಾರ ಇಲ್ಲ ಎಂದಿತು.

ಮೂರನೆಯ ಅಳತೆ: ಓದಿದ್ದು ಎಲ್ಲಿ?

ಈಗ ಟೆಕ್ಸಸ್‌ಗೆ ಮರಳಿ ಬರೋಣ. ಆ ಕಾನೂನು ಬಿದ್ದದ್ದು 1996ರ ಒಂದು ಫೆಡರಲ್ ಕಾನೂನಿನ ಹೊಡೆತಕ್ಕೆ. ಅದು ಹೇಳುವುದಿಷ್ಟು: ಕಾನೂನುಬದ್ಧವಾಗಿ ದೇಶದಲ್ಲಿ ಇಲ್ಲದವರಿಗೆ ‘ವಾಸದ ಆಧಾರದ ಮೇಲೆ’ ಉನ್ನತ ಶಿಕ್ಷಣದ ಲಾಭ ಕೊಡುವುದಾದರೆ, ಎಲ್ಲಿ ವಾಸವಿದ್ದರೂ ಎಲ್ಲ ಅಮೆರಿಕನ್ ಪ್ರಜೆಗಳಿಗೂ ಅದನ್ನು ಕೊಡಬೇಕು. ಒಕ್ಲಹೋಮದ ಅಮೆರಿಕನ್ ಪ್ರಜೆ ಪೂರ್ತಿ ಫೀಸು ಕಟ್ಟುವಾಗ, ದಾಖಲೆ ಇಲ್ಲದವನಿಗೆ ಯಾಕೆ ಕಡಿಮೆ ಎಂಬುದು ಪ್ರಶ್ನೆ. ಈ ಪ್ರಶ್ನೆಯಲ್ಲಿ ಹುರುಳಿಲ್ಲ ಎನ್ನುವಂತಿಲ್ಲ.

ಕ್ಯಾಲಿಫೋರ್ನಿಯಾ ಇದಕ್ಕೆ ಉತ್ತರವನ್ನು ಮೊದಲೇ ಯೋಚಿಸಿಟ್ಟಿತ್ತು. ಅದರ ಕಾನೂನು ವಾಸವನ್ನು ಕೇಳುವುದೇ ಇಲ್ಲ. ರಾಜ್ಯದ ಶಾಲೆಯಲ್ಲಿ ಮೂರು ವರ್ಷ ಓದಿದ್ದೀಯಾ ಎಂದಷ್ಟೇ ಕೇಳುತ್ತದೆ. ಅಲ್ಲಿ ಹೈಸ್ಕೂಲು ಓದಿ ಈಗ ಬೇರೆ ರಾಜ್ಯದಲ್ಲಿರುವ ಅಮೆರಿಕನ್ ಪ್ರಜೆಗೂ ಅದು ಸಿಗುತ್ತದೆ. 2010ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ಇದನ್ನು ಒಪ್ಪಿತು. ಟೆಕ್ಸಸ್‌ನ ಕಾನೂನು ಮಾತ್ರ ವಾಸ ಎಂಬ ಪದವನ್ನೇ ಹಿಡಿದುಕೊಂಡಿತ್ತು. ಅದರ ಪರ ವಾದಿಸುವವರೂ ಅಂದು ಕೋರ್ಟಿನಲ್ಲಿ ಇರಲಿಲ್ಲ. ಫೆಡರಲ್ ಸರ್ಕಾರ 2025ರಲ್ಲೇ ಕೆಂಟಕಿ, ಮಿನೆಸೋಟ, ಇಲಿನಾಯ್ ರಾಜ್ಯಗಳ ಮೇಲೂ, ಕೊನೆಗೆ ಕ್ಯಾಲಿಫೋರ್ನಿಯಾದ ಮೇಲೂ ದಾವೆ ಹೂಡಿತು. ಆದ್ದರಿಂದ ‘ಓದಿದ್ದು ಎಲ್ಲಿ’ ಎಂಬ ಅಳತೆ ನಿಲ್ಲುತ್ತದೆಯೇ ಎಂಬುದೇ ಮುಂದಿನ ದೊಡ್ಡ ಜಗಳ.

ಜರ್ಮನಿಯ ಬಾಡೆನ್-ವುರ್ಟೆಂಬರ್ಗ್ ರಾಜ್ಯವೂ ಇದೇ ಅಳತೆಯನ್ನು ಸದ್ದಿಲ್ಲದೆ ಬಳಸುತ್ತದೆ. 2017ರಿಂದ ಯುರೋಪ್ ಒಕ್ಕೂಟದ ಹೊರಗಿನವರಿಗೆ ಅಲ್ಲಿ ಒಂದು ಸೆಮಿಸ್ಟರ್‌ಗೆ 1,500 ಯೂರೋ. ಜರ್ಮನ್ ಶಾಲೆಯಲ್ಲಿ ಓದಿ ಪಾಸಾಗಿದ್ದರೆ, ಪಾಸ್‌ಪೋರ್ಟ್ ಯಾವುದೇ ಇರಲಿ, ಕಟ್ಟಬೇಕಿಲ್ಲ. ನನ್ನ ದೃಷ್ಟಿಯಲ್ಲಿ ಇರುವ ಅಳತೆಗಳಲ್ಲಿ ಇದೇ ಹೆಚ್ಚು ನೆಟ್ಟಗಿದೆ. ಶಾಲೆಯ ದಾಖಲೆಯನ್ನು ನೋಡಿ ಎಣಿಸಬಹುದು. ಮನಸ್ಸಿನೊಳಗಿನ ಉದ್ದೇಶವನ್ನು ಕೆದಕಬೇಕಿಲ್ಲ.

ಫೀಸು ಸಿಕ್ಕರೂ ಸಾಲ ಸಿಗದೇ ಇರಬಹುದು

ಸ್ಥಳೀಯರ ಫೀಸು ಸಿಕ್ಕಿತು ಅಂದಾಕ್ಷಣ ಎಲ್ಲ ಮುಗಿಯಲಿಲ್ಲ. ಆಸ್ಟ್ರೇಲಿಯಾದಲ್ಲಿ ನ್ಯೂಜಿಲೆಂಡ್ ಪ್ರಜೆಗಳಿಗೆ ಸಬ್ಸಿಡಿ ಸೀಟು ಸಿಗುತ್ತದೆ. ಆದರೆ ಚಿಕ್ಕಂದಿನಲ್ಲೇ ಬಂದು ಬಹಳ ವರ್ಷ ಅಲ್ಲಿ ನೆಲೆಸಿದವರನ್ನು ಬಿಟ್ಟರೆ ಉಳಿದವರಿಗೆ ಸರ್ಕಾರಿ ಸಾಲ ಇಲ್ಲ, ದುಡ್ಡು ಮೊದಲೇ ಕಟ್ಟಬೇಕು. ಇಂಗ್ಲೆಂಡಿನಲ್ಲಿ ಚಿಕ್ಕವಳಿದ್ದಾಗಲೇ ಬಂದು ಬೆಳೆದ ಒಬ್ಬ ಹುಡುಗಿಗೆ ಕಾಯಂ ಹಕ್ಕಿಲ್ಲವೆಂದು ಸಾಲ ಕೊಡಲಿಲ್ಲ. 2015ರಲ್ಲಿ ಸುಪ್ರೀಂ ಕೋರ್ಟ್ ಅವಳ ಪರ ನಿಂತ ಮೇಲೆ ಹೊಸ ವರ್ಗವೇ ಹುಟ್ಟಿತು. ಅರ್ಧ ಆಯುಷ್ಯ ಅಥವಾ 20 ವರ್ಷ ಅಲ್ಲೇ ಕಳೆದಿದ್ದರೆ, 18 ದಾಟದವರಾದರೆ ಏಳು ವರ್ಷ ಇದ್ದಿದ್ದರೆ, ಕಾಯಂ ಹಕ್ಕಿಲ್ಲದೆಯೂ ದಾರಿ ಇದೆ.

ಇನ್ನೊಂದು ಗಡುವು ಹತ್ತಿರ ಬರುತ್ತಿದೆ. ಬ್ರೆಕ್ಸಿಟ್‌ಗೆ ಮುಂಚಿನಿಂದ ಯುರೋಪಿನ ದೇಶಗಳಲ್ಲಿ ನೆಲೆಸಿರುವ ಬ್ರಿಟಿಷ್ ಪ್ರಜೆಗಳ ಮಕ್ಕಳಿಗೆ ಇಂಗ್ಲೆಂಡಿನಲ್ಲಿ ಸ್ಥಳೀಯ ಫೀಸಿನ ವಿನಾಯಿತಿ ಇದೆ. ಅದು 2028ರ ಜನವರಿ 1ಕ್ಕೆ ಮುಂಚೆ ಶುರುವಾಗುವ ಕೋರ್ಸುಗಳಿಗೆ ಮಾತ್ರ. ಆ ಬಳಿಕ ಸ್ಪೇನ್, ಫ್ರಾನ್ಸಿನಲ್ಲಿ ಬೆಳೆದ ಬ್ರಿಟಿಷ್ ಮಕ್ಕಳು ದುಬೈನ ಮಕ್ಕಳ ಸಾಲಿಗೇ ಬರುತ್ತಾರೆ. ಊರಿಗೆ ಮರಳುವ ಯೋಚನೆ ಇದ್ದವರು ತಾರೀಖು ನೋಡಿಕೊಳ್ಳಬೇಕು. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಶುರುವಾಗುವ ಕೋರ್ಸಿಗೆ ಮೂರು ವರ್ಷವನ್ನು ಎಣಿಸುವುದು ಸೆಪ್ಟೆಂಬರ್ 1ರಿಂದ ಹಿಂದಕ್ಕೆ. ಕುಟುಂಬ ಮೂರು ವರ್ಷದ ಹಿಂದೆ ಆಗಸ್ಟ್ ಕೊನೆಯಲ್ಲಿ ಬಂದಿಳಿದಿದ್ದರೆ ಒಂದು ಫೀಸು. ಸೆಪ್ಟೆಂಬರ್ ಎರಡನೇ ವಾರ ಬಂದಿದ್ದರೆ ಇನ್ನೊಂದು. ಕೋರ್ಸಿನ ನಡುವೆ ಮೂರು ವರ್ಷ ತುಂಬಿತು ಎಂದ ಮಾತ್ರಕ್ಕೆ ಅದು ಬದಲಾಗುವುದಿಲ್ಲ.